ನೀರಿನ ಮೇಲೆ ಜಾರಿದ ದೋಣಿ

ಮಕ್ಕಳೇ, ಚಪ್ಪಟೆಯಾದ ಕಲ್ಲನ್ನು ಕೆರೆಯ ನೀರಿನ ಮೇಲೆ ಓರೆಯಾಗಿ ಎಸೆದು ಆಡಿದ್ದೀರಾ? ಕಲ್ಲು ಕೂಡಲೇ ಮುಳುಗುವುದಿಲ್ಲ. ಕಪ್ಪೆಯಂತೆ ನೆಗೆಯುತ್ತಾ ನೀರಿನ ಮೇಲೆಯೇ ದೂರ ಸಾಗುತ್ತದೆ. ದೋಣಿಯೂ ಹೀಗೆ ನೀರಿನ ಮೇಲೆ ಜಾರುತ್ತಾ ಓಡಿದರೆ ಹೇಗಿರುತ್ತದೆ? ಅಂತಹ ಹಾಯಿದೋಣಿಯನ್ನು ಕಟ್ಟಿ ಹೆಸರಾದವರು ಉಫಾ ಫಾಕ್ಸ್.

ಇಂಗ್ಲೆಂಡಿನ ದಕ್ಷಿಣಕ್ಕೆ ವೈಟ್ ಎಂಬ ದ್ವೀಪವಿದೆ. ಉಫಾ ಫಾಕ್ಸ್ 1898ರಲ್ಲಿ ಈ ದ್ವೀಪದಲ್ಲಿ ಜನಿಸಿದರು. ಅಲ್ಲಿನ ಕೌಸ್ ಎಂಬ ಊರು ಹಾಯಿದೋಣಿಗಳ ಪಂದ್ಯಕ್ಕೆ ಹೆಸರುವಾಸಿ. ಸಮುದ್ರವನ್ನು ನೋಡುತ್ತಲೇ ಬೆಳೆದ ಅವರು ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಏಳು ವರ್ಷ ದೋಣಿ ಕಟ್ಟುವ ಕೆಲಸ ಕಲಿತರು. ಅಲ್ಲಿ ವೇಗವಾಗಿ ಓಡುವ ಯಂತ್ರದೋಣಿಗಳನ್ನು ಮಾಡುತ್ತಿದ್ದರು. ಅವುಗಳ ತಳದ ಆಕಾರ ಉಫಾ ಅವರ ಮನಸ್ಸಿನಲ್ಲಿ ಉಳಿಯಿತು. ಮುಂದೆ ಅವರು ಹಳೆಯ ಸೇತುದೋಣಿಯೊಂದನ್ನು ಕೊಂಡು, ಅದನ್ನೇ ಮನೆಯಾಗಿಯೂ ಕೆಲಸದ ಜಾಗವಾಗಿಯೂ ಮಾಡಿಕೊಂಡರು.

ಆಗ ಇಂಗ್ಲೆಂಡಿನಲ್ಲಿ 14 ಅಡಿ ಉದ್ದದ ಪುಟ್ಟ ಹಾಯಿದೋಣಿಗಳ ಪಂದ್ಯ ನಡೆಯುತ್ತಿತ್ತು. ಇಂತಹ ಪುಟ್ಟ ದೋಣಿಗೆ ಡಿಂಗಿ ಎಂದು ಹೆಸರು. ಈ ಪದ ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದ ಭಾಷೆಗಳಿಂದಲೇ! ಒಂದು ವರ್ಗದ ಡಿಂಗಿಗಳೆಲ್ಲ ಒಂದೇ ನಿಯಮಕ್ಕೆ ಒಳಪಟ್ಟಿರಬೇಕು. ಆದರೆ 14 ಅಡಿಯ ವರ್ಗದಲ್ಲಿ ನಿಯಮದ ಮಿತಿಯೊಳಗೆ ತಳದ ಆಕಾರವನ್ನು ಬದಲಿಸಬಹುದಿತ್ತು.

ಸಾಮಾನ್ಯ ದೋಣಿ ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗ ಹೆಚ್ಚಿದಂತೆ ಅದರ ಮುಂದೆ ಅಲೆ ಏಳುತ್ತದೆ. ಆ ಅಲೆಯನ್ನು ದಾಟಲಾರದೆ ದೋಣಿಯ ವೇಗ ಅಲ್ಲಿಗೇ ನಿಲ್ಲುತ್ತದೆ. ಉಫಾ ಅವರು ದೋಣಿಯ ಮುಂದಿನ ತಳವನ್ನು ಚೂಪಾಗಿಯೂ ಹಿಂದಿನ ತಳವನ್ನು ಚಪ್ಪಟೆಯಾಗಿಯೂ ಮಾಡಿದರು. ಜೋರಾದ ಗಾಳಿ ಹಾಯಿಗೆ ತುಂಬಿದಾಗ ದೋಣಿಯ ಮುಂಭಾಗ ಮೇಲೆದ್ದಿತು. ದೋಣಿ ತನ್ನ ಅಲೆಯನ್ನೇ ಹತ್ತಿ ನೀರಿನ ಮೇಲೆ ಜಾರತೊಡಗಿತು. ಅದು ಮಗುಚದಂತೆ ನಾವಿಕರು ಅಂಚಿನಲ್ಲಿ ಕುಳಿತು ಮೈಯನ್ನು ಹೊರಕ್ಕೆ ಬಾಗಿಸಬೇಕಾಗಿತ್ತು.

ಆ ದೋಣಿಯ ಹೆಸರು ಅವೆಂಜರ್. 1928ರಲ್ಲಿ ಅದು 57 ಪಂದ್ಯಗಳಲ್ಲಿ ಓಡಿತು. ಎಷ್ಟರಲ್ಲಿ ಗೆದ್ದಿರಬಹುದು, ಊಹಿಸಿ! 52 ಪಂದ್ಯಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಅದೇ ವರ್ಷ ಉಫಾ ಇಬ್ಬರು ಸಂಗಡಿಗರೊಂದಿಗೆ ಆ ತೆರೆದ ದೋಣಿಯಲ್ಲಿಯೇ ಸಮುದ್ರ ದಾಟಿ ಫ್ರಾನ್ಸ್ ದೇಶಕ್ಕೆ ಹೋದರು. ಅಲ್ಲಿ ಪಂದ್ಯದಲ್ಲಿ ಓಡಿ, ಮತ್ತೆ ಅದರಲ್ಲಿಯೇ ಮರಳಿದರು. ಆಮೇಲೆ ಇತರರೂ ಜಾರುವ ದೋಣಿಗಳನ್ನು ಕಟ್ಟತೊಡಗಿದರು.

ಎರಡನೆಯ ಮಹಾಯುದ್ಧ ಆರಂಭವಾಯಿತು. ಹಾನಿಗೊಂಡ ವಿಮಾನಗಳು ಸಮುದ್ರಕ್ಕೆ ಬೀಳುತ್ತಿದ್ದವು. ಬದುಕುಳಿದವರು ಚಳಿಯಲ್ಲಿ, ನೀರಿನ ನಡುವೆ ಸಾಯುತ್ತಿದ್ದರು. ಹಡಗು ಬರುವಷ್ಟರಲ್ಲಿ ಕಾಲ ಮೀರಿಹೋಗುತ್ತಿತ್ತು. ಅವರ ಬಳಿಗೆ ಆಕಾಶದಿಂದಲೇ ದೋಣಿಯನ್ನು ಇಳಿಸಬಾರದೇಕೆ ಎಂದು ಉಫಾ ಯೋಚಿಸಿದರು. ವಾಯುಪಡೆಯ ಅಧಿಕಾರಿಗಳೂ ಈ ಬಗೆಗೆ ಆಲೋಚಿಸುತ್ತಿದ್ದರು. ಪಂದ್ಯಕ್ಕಾಗಿ ಹಗುರವಾದ, ಗಟ್ಟಿಯಾದ ದೋಣಿ ಕಟ್ಟಿದ ಅನುಭವ ಉಫಾ ಅವರಿಗೆ ನೆರವಾಯಿತು. ವಿಮಾನದ ಹೊಟ್ಟೆಯ ಕೆಳಗೆ ಸೇರಿಕೊಳ್ಳುವಂತಹ ದೋಣಿಯನ್ನು ಅವರು ರೂಪಿಸಿದರು. ಅದು ಪ್ಯಾರಾಶೂಟುಗಳಿಂದ ಮೆಲ್ಲನೆ ನೀರಿಗೆ ಇಳಿಯುತ್ತಿತ್ತು. ಅದರಲ್ಲಿ ಹಾಯಿ, ಯಂತ್ರ, ಆಹಾರ, ಒಣ ಬಟ್ಟೆ ಎಲ್ಲವೂ ಇದ್ದವು. 1943ರಿಂದ ಇಂತಹ ದೋಣಿಗಳು ಅನೇಕರ ಪ್ರಾಣ ಉಳಿಸಿದವು.

ಯುದ್ಧ ಮುಗಿದ ಮೇಲೆ ಅವರು ಫೈರ್‌ಫ್ಲೈ, ಅಂದರೆ ಮಿಂಚುಹುಳು, ಎಂಬ 12 ಅಡಿಯ ಡಿಂಗಿಯನ್ನು ರೂಪಿಸಿದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಒಬ್ಬರೇ ನಡೆಸುವ ದೋಣಿಯ ಪಂದ್ಯಕ್ಕೆ ಅದನ್ನೇ ಆರಿಸಲಾಯಿತು. ಡೆನ್ಮಾರ್ಕಿನ ಪಾಲ್ ಎಲ್ವ್‌ಸ್ಟ್ರೋಮ್ ಎಂಬ 20 ವರ್ಷದ ಯುವಕ ಚಿನ್ನದ ಪದಕ ಗೆದ್ದನು.

ಉಫಾ ಫಾಕ್ಸ್ 1972ರಲ್ಲಿ ತೀರಿಕೊಂಡರು. ಅವರು ಆಟಕ್ಕಾಗಿ ಕಲಿತ ವಿದ್ಯೆ ಕಷ್ಟಕಾಲದಲ್ಲಿ ಜೀವ ಉಳಿಸಿತು. ಇಂದಿಗೂ 14 ಅಡಿಯ ಡಿಂಗಿಗಳು ಪಂದ್ಯಗಳಲ್ಲಿ ಓಡುತ್ತಿವೆ. ಇನ್ನೊಮ್ಮೆ ಕೆರೆಗೆ ಕಲ್ಲೆಸೆಯುವಾಗ ಅದು ಮುಳುಗದೆ ಹೇಗೆ ಸಾಗುತ್ತದೆ ಎಂದು ಗಮನಿಸಿ ನೋಡಿ.

ಪದಗಳ ಅರ್ಥ
ಹಾಯಿ – ಗಾಳಿಯನ್ನು ಹಿಡಿಯಲು ದೋಣಿಗೆ ಕಟ್ಟುವ ಬಟ್ಟೆ
ನಾವಿಕ – ದೋಣಿ ಅಥವಾ ಹಡಗು ನಡೆಸುವವನು
ಸೇತುದೋಣಿ – ಜನರನ್ನೂ ವಾಹನಗಳನ್ನೂ ಹೊಳೆ ದಾಟಿಸುವ ದೊಡ್ಡ ದೋಣಿ

ಉತ್ತರಿಸಿರಿ
1. ಸಾಮಾನ್ಯ ದೋಣಿಗೂ ಅವೆಂಜರ್ ದೋಣಿಗೂ ಇರುವ ವ್ಯತ್ಯಾಸವೇನು?
2. ಸಮುದ್ರಕ್ಕೆ ಬಿದ್ದವರನ್ನು ಉಳಿಸಲು ಉಫಾ ಯಾವ ಉಪಾಯ ಮಾಡಿದರು?