ಹುಳಿಗೆ ನಂಬರ್ ಕೊಟ್ಟ ರೈತನ ಮಗ

ಹೋದ ಎಳ್ಳಮಾಸಿಗೆ ಊರಿಗೆ ಹೋಗಿದ್ದೆ. ನಮ್ಮೂರು ಆಳಂದ ತಾಲೂಕಿನ ಖಜೂರಿ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಚರಗ ಚೆಲ್ಲಿ, ಹೊಲದಲ್ಲೇ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ಉಂಡ ಮೇಲೆ ಅಪ್ಪ ಕಡ್ಲಿ ಬೆಳೆ ತೋರಿಸಿದ್ರು. ಕುಡಿ ಎಲೆಗಳು ಹಳದಿಯಾಗಿದ್ದವು, ನರ ಮಾತ್ರ ಹಸಿರು. ಇನ್ನೊಂದು ಚೀಲ ಯೂರಿಯಾ ತರಬೇಕು ಅನ್ನೋದು ಅವರ ಲೆಕ್ಕ. ಮನೆಗೆ ಬಂದು ಮಣ್ಣು ಆರೋಗ್ಯ ಚೀಟಿ ತೆಗೆದು ನೋಡಿದೆ. ರಸಸಾರ 8.4 ಅಂತ ಇತ್ತು. 8.4 ಅಂದ್ರೆ ಏನು, ಕಿಲೋನಾ, ಪರ್ಸೆಂಟಾ ಅಂತ ಅಪ್ಪ ಕೇಳಿದ್ರು. ಫಸ್ಟ್ ಇಯರ್ ಲ್ಯಾಬಲ್ಲಿ ಪಿಎಚ್ ಮೀಟರ್ ಹಿಡಿದು ವೀಕ್ ಆಸಿಡ್‌ನ ಪಿಕೆಎ ಕಂಡುಹಿಡಿದವನು ನಾನು. ಮೈನಸ್ ಲಾಗ್ ಅನ್ನೋದು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ಆ ನಾಚಿಕೆಗೇ ಈ ನಂಬರ್ ಕೊಟ್ಟವರ ಕಥೆ ಓದಿದೆ.

ಅವರ ಹೆಸರು ಸೋರೆನ್ ಪೀಟರ್ ಲಾರಿಟ್ಜ್ ಸೋರೆನ್ಸನ್. 1868ರ ಜನವರಿಯಲ್ಲಿ ಡೆನ್ಮಾರ್ಕ್‌ನ ಹಾವ್ರೆಬ್ಯಾರ್ಗ್ ಅನ್ನೋ ಹಳ್ಳಿಯಲ್ಲಿ, ರೈತರ ಮನೆಯಲ್ಲಿ ಹುಟ್ಟಿದರು. 18ನೇ ವಯಸ್ಸಿಗೆ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿದಾಗ ಡಾಕ್ಟರ್ ಆಗಬೇಕು ಅಂತ ಆಸೆ ಇತ್ತು. ಅಲ್ಲಿ ಯೋರ್ಗನ್‌ಸನ್ ಅನ್ನೋ ಪ್ರೊಫೆಸರ್ ಪಾಠ ಕೇಳಿ ಮನಸ್ಸು ಕೆಮಿಸ್ಟ್ರಿ ಕಡೆ ತಿರುಗಿತು. ಓದಿನ ಜೊತೆಗೇ ಕೆಲಸ, ಕೆಲಸದ ಜೊತೆಗೇ ಸಂಶೋಧನೆ. ಕೆಲವು ವರ್ಷ ನೌಕಾಪಡೆಯ ಹಡಗುಕಟ್ಟೆಗೆ ಸಲಹೆಗಾರರೂ ಆಗಿದ್ದರು. 1899ರಲ್ಲಿ ಡಾಕ್ಟರೇಟ್ ಬಂತು.

1901ರಲ್ಲಿ ಅವರು ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥರಾದರು. ಹೌದು, ಅದೇ ಬಿಯರ್ ಕಂಪನಿ! ನಗಬೇಡಿ. ಮಾಲೀಕ ಜೇಕಬ್‌ಸನ್ 1875ರಲ್ಲಿ ಈ ಪ್ರಯೋಗಾಲಯ ಕಟ್ಟಿಸಿದಾಗಲೇ, ಇಲ್ಲಿ ಸಿಕ್ಕ ಯಾವ ಮುಖ್ಯ ಫಲಿತಾಂಶವನ್ನೂ ಬಚ್ಚಿಡಬಾರದು ಅಂತ ನಿಯಮ ಮಾಡಿದ್ದರು. ಸೋರೆನ್ಸನ್ ಕೂತ ಕುರ್ಚಿಯಲ್ಲಿ ಅದಕ್ಕೂ ಮೊದಲು ಇದ್ದವರು ಕೆಲ್ಡಾಲ್. ತೊಗರಿ ಬೇಳೆಯಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ಲೆಕ್ಕ ಹಾಕೋಕೆ ಇವತ್ತಿಗೂ ಬಳಸುವ ವಿಧಾನ ಅವರದೇ.

ಸೋರೆನ್ಸನ್‌ಗೆ ಅಲ್ಲೊಂದು ತಲೆನೋವು ಶುರುವಾಯ್ತು. ಕಿಣ್ವಗಳು, ಅಂದ್ರೆ ಎನ್‌ಜೈಮ್‌ಗಳು, ಹುಳಿ ಸ್ವಲ್ಪ ಏರುಪೇರಾದರೂ ಕೆಲಸ ನಿಲ್ಲಿಸ್ತಿದ್ವು. ಆದರೆ ಹುಳಿಯನ್ನ ಅಳೆಯೋದು ಹೇಗೆ? ಆಗ ಇದ್ದ ದಾರಿ ಟೈಟ್ರೇಶನ್. ಅದು ಒಟ್ಟು ಆಮ್ಲ ಎಷ್ಟಿದೆ ಅಂತ ಮಾತ್ರ ಹೇಳುತ್ತೆ. ಹೈಡ್ರೋಕ್ಲೋರಿಕ್ ಆಮ್ಲ, ವಿನೆಗರ್‌ನಲ್ಲಿರೋ ಅಸಿಟಿಕ್ ಆಮ್ಲ ಎರಡನ್ನೂ 0.1 ನಾರ್ಮಲ್ ತಗೊಳ್ಳಿ. ಎರಡಕ್ಕೂ ಬ್ಯುರೆಟ್‌ನಿಂದ ಅಷ್ಟೇ ಸೋಡಾ ಖರ್ಚಾಗುತ್ತೆ. ಆದ್ರೆ ಮೊದಲನೆಯದರಲ್ಲಿ ಬಿಡಿಯಾಗಿ ಓಡಾಡೋ ಹೈಡ್ರೋಜನ್ ಅಯಾನು ಎರಡನೆಯದಕ್ಕಿಂತ ಸುಮಾರು 75 ಪಟ್ಟು ಜಾಸ್ತಿ. ಕಿಣ್ವಕ್ಕೆ ತಾಗೋದು ಈ ಬಿಡಿ ಅಯಾನು. ಅಳೀಬೇಕಾದ್ದು ಅದನ್ನೇ ಅಂತ ಸೋರೆನ್ಸನ್ ಹಿಡಿದರು.

ಹೈಡ್ರೋಜನ್ ಅನಿಲ ಹಾಯಿಸುವ ಎಲೆಕ್ಟ್ರೋಡ್ ಇಟ್ಟುಕೊಂಡು, ತಾಳ್ಮೆಯಿಂದ ಅಳೆದರು. ಬಣ್ಣ ಬದಲಿಸುವ ಸೂಚಕಗಳನ್ನ ಒಂದೊಂದಾಗಿ ಪರೀಕ್ಷೆ ಮಾಡಿದರು. ಹೆಂಡತಿ ಮಾರ್ಗರೆಥೆ ಕೂಡ ಲ್ಯಾಬಿನಲ್ಲಿ ಜೊತೆಗೆ ದುಡಿದರು. ಬಂದ ಉತ್ತರಗಳಲ್ಲಿ ಪಾಯಿಂಟ್ ಆದ ಮೇಲೆ ಬರೀ ಸೊನ್ನೆಗಳ ಸಾಲು. 1909ರಲ್ಲಿ ಅವರು ಆ ಸೊನ್ನೆಗಳನ್ನೆಲ್ಲಾ ಬಿಟ್ಟು, ಹತ್ತರ ಘಾತವನ್ನು ಮಾತ್ರ ಮೈನಸ್ ತೆಗೆದು ಬರೆದರು. ಅದೇ ಪಿಎಚ್. ಅದರಲ್ಲಿರೋ ಪಿ ಅಕ್ಷರ ಯಾವ ಪದದ್ದು ಅಂತ ಇವತ್ತಿಗೂ ವಾದ ನಡೀತಾನೇ ಇದೆ.

ಈ ಸಣ್ಣ ಅಂಕಿ ಸ್ವಲ್ಪ ಮೋಸವನ್ನೂ ಮಾಡುತ್ತೆ. ಹಾಲಿನ ಪಿಎಚ್ ಸುಮಾರು 6.6, ಮೊಸರಿನದು 4.5ರ ಆಸುಪಾಸು. ನೋಡೋಕೆ ಎರಡೇ ಅಂಕ ವ್ಯತ್ಯಾಸ, ಅಯಾನು ಮಾತ್ರ ನೂರು ಪಟ್ಟಿಗಿಂತ ಜಾಸ್ತಿ. ನಮ್ಮ ರಕ್ತ 7.35ರಿಂದ 7.45ರ ಒಳಗೇ ಇರಬೇಕು. ಅದು ತಪ್ಪಿದ್ರೆ ಆಸ್ಪತ್ರೆಯೇ ಗತಿ.

ಮುಂದೆ ಸೋರೆನ್ಸನ್ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡಿದರು. 1934ರಲ್ಲಿ ಅಮೆರಿಕದ ಬೆಕ್‌ಮನ್, ನಿಂಬೆ ರಸದ ಹುಳಿ ಅಳೆಯೋಕೆ ಅಂತ ಎಲೆಕ್ಟ್ರಾನಿಕ್ ಮೀಟರ್ ಮಾಡಿದ ಮೇಲೆ ಪಿಎಚ್ ಲ್ಯಾಬ್ ಲ್ಯಾಬಿಗೂ ಹೋಯ್ತು. ಸೋರೆನ್ಸನ್ 1938ರಲ್ಲಿ ನಿವೃತ್ತರಾದರು, 1939ರ ಫೆಬ್ರವರಿಯಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ. ಓಮ್, ವೋಲ್ಟಾ ಅವರ ಹಾಗೆ ಅಳತೆಯಲ್ಲಿ ಅವರ ಹೆಸರೂ ಉಳಿಯಲಿಲ್ಲ.

ಇನ್ನು ಅಪ್ಪನ 8.4. ತಟಸ್ಥ ಅಂದ್ರೆ 7. ಅದಕ್ಕೆ ಹೋಲಿಸಿದ್ರೆ ನಮ್ಮ ಎರಿ ಮಣ್ಣಲ್ಲಿ ಹೈಡ್ರೋಜನ್ ಅಯಾನು ಸುಮಾರು 25 ಪಟ್ಟು ಕಡಿಮೆ, ಅಂದ್ರೆ ಮಣ್ಣು ಕ್ಷಾರೀಯ. ಪಿಎಚ್ ಒಂದು ಅಂಕ ಏರಿದ್ರೆ ನೀರಲ್ಲಿ ಕರಗಿರೋ ಫೆರಿಕ್ ಅಯಾನು ಸಾವಿರ ಪಟ್ಟು ಇಳಿಯುತ್ತೆ. ಮಣ್ಣಲ್ಲಿ ಕಬ್ಬಿಣ ಇದ್ರೂ ಗಿಡಕ್ಕೆ ಸಿಗಲ್ಲ, ಕುಡಿ ಹಳದಿಯಾಗುತ್ತೆ. ಯೂರಿಯಾ ಸುರಿದ್ರೆ ದುಡ್ಡು ದಂಡ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದಾಗ ಫೆರಸ್ ಸಲ್ಫೇಟ್ ಸಿಂಪಡಿಸಿ ಅಂದ್ರು. ಎರಡು ಸಲ ಹೊಡೆದ ಮೇಲೆ ಹೊಸ ಕುಡಿ ಹಸಿರಾಗಿ ಬಂತು. ಮೊದಲೇ ಒಣಗಿದ ಗಿಡ ಹೋದವು.

ಇದೆಲ್ಲಾ ಫೋನಲ್ಲಿ ಅಪ್ಪನಿಗೆ ಹೇಳಿದೆ. ಲಾಗ್ ಎಷ್ಟು ತಿಳೀತೋ ಗೊತ್ತಿಲ್ಲ, ಹಾಲು ಮೊಸರಿನ ಲೆಕ್ಕ ಮಾತ್ರ ತಕ್ಷಣ ಹಿಡಿದ್ರು. ಸೋರೆನ್ಸನ್ ರೈತನ ಮಗ ಅಂದಾಗ ಅವರು ಕೇಳಿದ್ದು ಒಂದೇ, ಅಲ್ಲಿ ಏನು ಬೆಳೀತಾರ ಅಂತ. ಬಾರ್ಲಿ ಅಂದೆ.