ವೇಮನ ಮನೆಗೆ ಮರಳಿದ ದಾರಿ

ಆಂಧ್ರದ ಕರ್ನೂಲು ಜಿಲ್ಲೆಯ ಪಡುವಣ ಅಂಚಿನಲ್ಲಿ, ಆದೋನಿ ಸೀಮೆಯ ಮಾಧವರಂ ಕಡೆಯ ಊರುಗಳಲ್ಲಿ, ನಮ್ಮಂತೆಯೇ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕುಟುಂಬಗಳಿವೆ. ಆ ಸೀಮೆಗೆ ವೇಮನ ತೆಲುಗಿನ ಕವಿಯೂ ಹೌದು, ಶ್ರೀಶೈಲ ಮಲ್ಲಿಕಾರ್ಜುನನ ಭಕ್ತೆ ಹೇಮರೆಡ್ಡಿ ಮಲ್ಲಮ್ಮನ ಮೈದುನನೂ ಹೌದು.

ವೇಮನನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಿ.ಪಿ. ಬ್ರೌನ್ ಎಂಬ ಆಂಗ್ಲ ಅಧಿಕಾರಿ ಅವನ ಪದ್ಯಗಳನ್ನು 1829ರಲ್ಲಿ ಅಚ್ಚು ಹಾಕಿಸಿದನು. ಬದುಕಿನ ಕಥೆ ಮಾತ್ರ ಜನರ ಬಾಯಲ್ಲಿ ಉಳಿದು ಬಂದುದು.

ಆ ಕಥೆಯಂತೆ, ಉಳ್ಳವರ ಮನೆಯ ಕಿರಿಯ ಮಗ ವೇಮನ ವೇಶ್ಯೆಯ ಮೋಹಕ್ಕೆ ಬಿದ್ದು ಮನೆಯ ಹಣವನ್ನೆಲ್ಲ ಅವಳಿಗೆ ಸುರಿದನು. ಕೊನೆಗೆ ಅತ್ತಿಗೆಯ ಮೂಗುತಿಯನ್ನೇ ಬೇಡಿದನು. ಮಲ್ಲಮ್ಮ ಬೈಯಲಿಲ್ಲ, ಬಾಗಿಲೂ ಹಾಕಲಿಲ್ಲ. ಒಡವೆ ಕೊಟ್ಟಳು, ಆದರೆ ಅದನ್ನು ತೊಡುವವಳನ್ನು ಅಲಂಕಾರವಿಲ್ಲದೆ ಒಮ್ಮೆ ಕಣ್ಣಿಟ್ಟು ನೋಡಿ ಬರಬೇಕೆಂದು ಷರತ್ತು ಹಾಕಿದಳು. ನೋಡಿದ ವೇಮನನ ಮೋಹ ಅಂದೇ ಹರಿಯಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮನೆಯವರು ಅವನಿಗೆ ಅಕ್ಕಸಾಲಿಗರ ಮೇಲ್ವಿಚಾರಣೆ ವಹಿಸಿದರು. ಹಣ ಕಳೆದವನ ಕಣ್ಣೆದುರಿಗೇ ಚಿನ್ನ! ಅಲ್ಲಿಯೂ ಅವನು ಒಮ್ಮೆ ಜಾರಿದನು. ಅಕ್ಕಸಾಲಿಗ ಅಭಿರಾಮನಿಗೆ ಯೋಗಿಯೊಬ್ಬರಿಂದ ಸಿಗಬೇಕಾಗಿದ್ದ ಉಪದೇಶವನ್ನು ಮೋಸದಿಂದ ತಾನೇ ಪಡೆದನು. ಬಳಿಕ ಪಶ್ಚಾತ್ತಾಪಪಟ್ಟು ಗೆಳೆಯನ ಕಾಲಿಗೆರಗಿ, ತನ್ನ ಪದ್ಯಗಳಲ್ಲಿ ಅವನ ಹೆಸರನ್ನು ಉಳಿಸುವೆನೆಂದು ಮಾತು ಕೊಟ್ಟನು, ಅದರಂತೆ ನಡೆದನು. ಕದಿರಿಯ ಬಳಿಯ ಕಟಾರುಪಲ್ಲಿಯಲ್ಲಿ ಇಂದಿಗೂ ಅವನ ಸಮಾಧಿಗೆ ಪೂಜೆ ಸಲ್ಲುತ್ತಿದೆ.

ನಮ್ಮ ನೆರೆಹೊರೆಯಲ್ಲಿ ವ್ಯಸನಕ್ಕೆ ಕುಡಿತವೆಂದು ಹೆಸರು. ಮದ್ಯವರ್ಜನ ಶಿಬಿರದಿಂದ ತಂದೆ ಮರಳಿದ ದಿನ ಮನೆಗೆ ಹಬ್ಬ. ಆದರೆ ಸಂಜೆ ಅವನ ಹೆಜ್ಜೆಯ ಸದ್ದು ಕೇಳಿದರೆ ಮಕ್ಕಳು ಇನ್ನೂ ಪುಸ್ತಕ ಮಡಚಿ ಮೂಲೆ ಸೇರುತ್ತಾರೆ. ಇದಕ್ಕೆ ತಂದೆ ಮುನಿಯಬಾರದು. ಕುಡಿತ ಒಂದು ದಿನದಲ್ಲಿ ನಿಲ್ಲಬಹುದು, ನಂಬಿಕೆ ಒಂದು ದಿನದಲ್ಲಿ ಬಾರದು.

ಮನೆಯವರೂ ಮಲ್ಲಮ್ಮನ ಜಾಣ್ಮೆಯನ್ನು ಕಲಿಯಬೇಕು. ಹಳೆಯದನ್ನು ದಿನವೂ ಎತ್ತಿ ಆಡುವುದು ಬೇಡ. ಲೆಕ್ಕವಿಲ್ಲದೆ ಹಣ ಕೊಡುವುದೂ ಬೇಡ. ರೇಷನ್ ತರುವುದು, ಮಗಳ ಶಾಲೆಯ ಸಭೆಗೆ ಬರುವುದು, ಇಂತಹ ಒಂದು ಹೊಣೆಯನ್ನು ಅವನಿಗೇ ಒಪ್ಪಿಸೋಣ. ನೋಯಿಸಿದವರ ಋಣವನ್ನು ಅವನು ಮಾತಿನಿಂದಲ್ಲ, ನಡೆಯಿಂದ ತೀರಿಸಲಿ. ಒಮ್ಮೆ ಜಾರಿದರೂ ಬಾಗಿಲು ಹಾಕದಿರೋಣ. ಎರಡನೆಯ ಸಲ ಜಾರಿದ ವೇಮನನನ್ನು ಅಭಿರಾಮ ಅಟ್ಟಿಬಿಟ್ಟಿದ್ದರೆ, ಅಭಿರಾಮನ ಹೆಸರನ್ನು ಇಂದು ಯಾರು ಬಲ್ಲರು?