ಸಾಕೆಟ್‌ನ ಒಳಗಿನ ಬಾಗಿಲು: ಕ್ಯಾರೊಲೀನ್ ಹ್ಯಾಸ್ಲೆಟ್

ಕಮಲಾಪುರದಾಗ ಹೊಸ ಮನೆ ಕಟ್ಟಿದೋರು ಕಲಬುರಗಿ ಪೇಟೆಗೆ ಬಂದು ಸ್ವಿಚ್‌ಬೋರ್ಡಿನ ಪ್ಲೇಟ್ ಆರಿಸುವಾಗ ಮೊದಲು ನೋಡೋದು ಗೋಡೆಗೆ ಒಪ್ಪುವ ಬಣ್ಣ. ಸಾಕೆಟ್ ತೂತಿನ ಹಿಂದೆ ಷಟರ್ ಅದಾವೋ ಇಲ್ಲೋ ಅಂತ ಕೇಳೋರು ಕಡಿಮೆ. ಆ ಷಟರ್‌ನ ಚರಿತ್ರೆಯಲ್ಲಿ ನಾವು ತಿಳಿಯಬೇಕಾದ ಒಬ್ಬ ಎಂಜಿನಿಯರ್ ಇದ್ದಾರೆ.

ಕ್ಯಾರೊಲೀನ್ ಹ್ಯಾಸ್ಲೆಟ್ ಹುಟ್ಟಿದ್ದು 1895ರಲ್ಲಿ, ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ. ತಂದೆ ರೈಲ್ವೆಯಲ್ಲಿ ಸಿಗ್ನಲ್ ಫಿಟ್ಟರ್. ಕ್ಯಾರೊಲೀನ್ ಒಂದು ಬಾಯ್ಲರ್ ಕಂಪನಿಯ ಕಚೇರಿ ಕೆಲಸಕ್ಕೆ ಸೇರಿದರು. ಆದರೆ ಮನಸ್ಸು ಯಂತ್ರದ ಕಡೆ ಇತ್ತು. ಅದೇ ಕಂಪನಿಯ ಕಾರ್ಖಾನೆಯಲ್ಲಿ ತರಬೇತಿ ಪಡೆದು ಎಂಜಿನಿಯರ್ ಆದರು. 1919ರಲ್ಲಿ ಬ್ರಿಟನ್ನಿನ ಮಹಿಳಾ ಎಂಜಿನಿಯರುಗಳ ಸಂಘಕ್ಕೆ ಮೊದಲ ಕಾರ್ಯದರ್ಶಿ, 1924ರಲ್ಲಿ ಮಹಿಳೆಯರ ವಿದ್ಯುತ್ ಸಂಘಕ್ಕೆ ಮೊದಲ ನಿರ್ದೇಶಕಿ. ಅಡುಗೆ, ಬಟ್ಟೆ, ಕಸ ಅಂತ ದಿನವಿಡೀ ದುಡಿಯೋ ಹೆಂಗಸರ ಭಾರವನ್ನ ವಿದ್ಯುತ್ ಇಳಿಸಬೇಕು ಅನ್ನೋದು ಅವರ ನಂಬಿಕೆ.

ಎರಡನೇ ಮಹಾಯುದ್ಧದ ನಡುವೆ, ಮುಂದೆ ಕಟ್ಟುವ ಮನೆಗಳ ವೈರಿಂಗ್ ಹೇಗಿರಬೇಕು ಅಂತ ತೀರ್ಮಾನಿಸಲು 20 ಜನರ ಸಮಿತಿ ಕೂತಿತು. ಅದರಲ್ಲಿ ಹೆಣ್ಣುಮಗಳು ಹ್ಯಾಸ್ಲೆಟ್ ಒಬ್ಬರೇ. 1944ರ ವರದಿ ಮಕ್ಕಳ ಸುರಕ್ಷತೆಗಾಗಿ ಸಾಕೆಟ್‌ಗೆ ಷಟರ್ ಬೇಕು ಅಂದಿತು. 1947ರಲ್ಲಿ ಬಂದ ಬಿಎಸ್ 1363 ಮಾನದಂಡದಲ್ಲಿ ಅದು ಜಾರಿಯಾಯ್ತು. ಕೆಲಸ ಸರಳ ನೋಡ್ರಿ: ಉದ್ದನೆಯ ಅರ್ಥ್ ಪಿನ್ ಮೊದಲು ಒಳಗೆ ಹೋಗಿ ಷಟರ್ ಸರಿಸ್ತದ, ಆಮೇಲಷ್ಟೇ ಫೇಸ್, ನ್ಯೂಟ್ರಲ್ ತೂತು ತೆರೀತಾವ. ಮಗು ಒಂದು ತೂತಿಗೆ ಮೊಳೆ ತುರುಕಿದರೂ ತಂತಿ ಮುಟ್ಟೋದಿಲ್ಲ.

ಅದೇ 1947ರಲ್ಲಿ ಅವರಿಗೆ ಡೇಮ್ ಪದವಿ ಬಂತು. ಬ್ರಿಟಿಷ್ ವಿದ್ಯುತ್ ಪ್ರಾಧಿಕಾರದ ಮೊದಲ ಮಹಿಳಾ ಸದಸ್ಯೆಯೂ ಆದರು. 1957ರ ಜನವರಿಯಲ್ಲಿ ತೀರಿಕೊಂಡಾಗ, ಉಯಿಲಿನಲ್ಲಿ ಬರೆದಿಟ್ಟಂತೆ ವಿದ್ಯುತ್ ಚಿತಾಗಾರದಲ್ಲೇ ಅಂತ್ಯಕ್ರಿಯೆ ನಡೆಯಿತು.

ನಮ್ಮ ದುಂಡು ಪಿನ್ನಿನ ಸಾಕೆಟ್ ಬಿಎಸ್ 1363ಗಿಂತ ಹಳೆಯ ಬ್ರಿಟಿಷ್ ಮಾದರಿಯಿಂದ ಬಂದದ್ದು. ಅದರಲ್ಲೂ ಷಟರ್ ಇರೋವು ಈಗ ಸಿಗ್ತಾವ. ತೂತಿಗೆ ಚುಚ್ಚೋ ಪ್ಲಾಸ್ಟಿಕ್ ಮುಚ್ಚಳ ಅದಕ್ಕೆ ಸಮ ಅಲ್ಲ. ಸಡಿಲಾದರೆ ಮಗು ಅದನ್ನ ಕಿತ್ತು ಬಾಯಿಗೆ ಹಾಕ್ಕೋಬಹುದು, ಪ್ಲಗ್ ತೆಗೆದ ಮೇಲೆ ನಾವೇ ಹಾಕೋದು ಮರೀಬಹುದು. ಷಟರ್ ತಾನಾಗೇ ಮುಚ್ಚಿಕೊಳ್ತದ.

ಬಣ್ಣ ನಿಮ್ಮಿಷ್ಟ. ಆದರೆ ಗೋಡೆಯೊಳಗೆ 230 ವೋಲ್ಟ್ ಅದ, ನೆಲದ ಮೇಲೆ ಅಂಬೆಗಾಲಿಡೋ ಕೂಸು ಅದ. ಮನೆಯಲ್ಲಿ ಎಂಜಿನಿಯರಿಂಗ್ ಓದ್ತಿರೋರು ನೀವೇ ಅಂದ್ರೆ, ಅಂಗಡಿಯಲ್ಲಿ ಷಟರ್ ಕೇಳೋ ಜವಾಬ್ದಾರಿಯೂ ನಿಮ್ಮದೇ.